ನನ್ನ ಪುಸ್ತಕ, ಬೀದಿಯವರ ಕಾಯಿಲೆ

ಫೋನಿನಲ್ಲಿ ಫೋಟೋ ತೆಗೆದು ಕಳಿಸುವುದನ್ನು ಮೊಮ್ಮಗಳು ಹೇಳಿಕೊಟ್ಟು ಹೋದ ವಾರವೇ ನಾನು ಮಾಡಿದ ಘನಕಾರ್ಯವೆಂದರೆ, ನನಗಿಲ್ಲದ ಹದಿನೇಳು ಕಾಯಿಲೆಗಳನ್ನು ವಿಮೆ ಕಂಪನಿಗೆ ಕಳಿಸಿದ್ದು.

ಅರಸೀಕೆರೆಯ ಒಂದು ಕೊಬ್ಬರಿ ಸಹಕಾರ ಸಂಘದಲ್ಲಿ ನಾನು ಗುಮಾಸ್ತೆಯಾಗಿದ್ದೆ. ಮನೆ ಹಳೇಬೀಡಿನಲ್ಲಿ. ಬೆಳಿಗ್ಗೆ ಜಾವಗಲ್ ಮೇಲೆ ಹೋಗುವ ಬಸ್ಸು, ಸಂಜೆ ಅದೇ ಬಸ್ಸಿನಲ್ಲಿ ವಾಪಸ್ಸು. ಹೀಗೆ ಮೂವತ್ತಾರು ವರ್ಷ. ಹೋದ ವರ್ಷ ನಿವೃತ್ತಿಯಾಯಿತು. ಹಾರ ಹಾಕಿದರು, ಶಾಲು ಹೊದಿಸಿದರು, ಮೈಸೂರುಪಾಕು ತಿನ್ನಿಸಿದರು. ಎಲ್ಲ ಆದ ಮೇಲೆ ಕಾರ್ಯದರ್ಶಿಗಳು ಹತ್ತಿರ ಬಂದು ಮೆಲ್ಲಗೆ, "ಮೇಡಂ, ಆ ಆಸ್ಪತ್ರೆ ಕಾರ್ಡು ವಾಪಸ್ ಕೊಡ್ಬೇಕಾಗುತ್ತೆ. ನಾಳೆಯಿಂದ ಅದು ನಡೆಯಲ್ಲ" ಎಂದರು. ಕೊಟ್ಟೆ. ಮೈಸೂರುಪಾಕು ಇನ್ನೂ ಬಾಯಲ್ಲೇ ಇತ್ತು.

ಆ ಕಾರ್ಡಿನಲ್ಲೇ ನಮ್ಮ ಯಜಮಾನರ ಎರಡೂ ಕಣ್ಣಿನ ಪೊರೆ ತೆಗೆಸಿದ್ದು. ಅವರು ಹೈಸ್ಕೂಲು ಮೇಷ್ಟ್ರಾಗಿದ್ದವರು, ನನಗಿಂತ ಮುಂಚೆ ನಿವೃತ್ತರಾದವರು. "ಈ ವಯಸ್ಸಲ್ಲಿ ವಿಮೆ ಇಲ್ದೆ ಇರೋದು ಅಂದ್ರೆ ಬ್ರೇಕಿಲ್ಲದ ಸೈಕಲ್ಲಲ್ಲಿ ದಿಬ್ಬ ಇಳಿದ ಹಾಗೆ ಕಣೇ. ಬೇಗ ಒಂದು ಮಾಡಿಸು" ಎಂದು ಹೇಳಿ ಪೇಪರು ಮುಖಕ್ಕೆ ಹಿಡಿದರು. ನಮ್ಮ ಮನೆಯಲ್ಲಿ ಉಪಮೆ ಅವರದು, ಓಡಾಟ ನನ್ನದು.

ಎದುರುಮನೆಯ ನನ್ನ ಗೆಳತಿಯ ಮಗನೇ, ದಿನಾ ಬೇಲೂರಿಗೆ ಹೋಗಿಬರುವ ವಿಮೆ ಏಜೆಂಟು. ನನ್ನನ್ನು ದೊಡ್ಡಮ್ಮ ಎನ್ನುತ್ತಾನೆ. ಎರಡು ಮಕ್ಕಳ ತಂದೆಯಾದರೂ ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೇ ನುಗ್ಗಿ, "ದೊಡ್ಡಮ್ಮ, ಕಾಫಿ" ಎಂದು ಕಟ್ಟೆಯ ಮೇಲೆ ಕೂರುವವನು. ಅವನನ್ನು ಕರೆಸಿದೆ. ಇಬ್ಬರಿಗೂ ಸೇರಿ ಒಂದೇ ಪಾಲಿಸಿ ಮಾಡೋಣ ಎಂದ. ಒಂದು ಮಾತನ್ನು ಮಾತ್ರ ಒತ್ತಿ ಒತ್ತಿ ಹೇಳಿದ.

"ಹಳೇ ಕಾಯಿಲೆ ಏನೂ ಮುಚ್ಚಿಡ್ಬೇಡಿ ದೊಡ್ಡಮ್ಮ. ಮುಚ್ಚಿಟ್ರೆ, ನಾಳೆ ಆಸ್ಪತ್ರೆ ಸೇರಿದಾಗ ಅದನ್ನೇ ಹಿಡ್ಕೊಂಡು ಕೊಡಲ್ಲ ಅಂತಾರೆ. ಹಳೇ ಕಾಗದ ಏನಿದ್ರೂ ಫೋಟೋ ತೆಗ್ದು ನಂಗೆ ಕಳ್ಸಿ. ಅರ್ಜಿ ಜೊತೆ ಕಂಪನಿಗೆ ಹಾಕ್ತೀನಿ."

ಫೋಟೋ ತೆಗೆಯಲು ಏನಾದರೂ ಸಿಕ್ಕರೆ ಸಾಕು ಎಂದು ಕಾಯುತ್ತಿದ್ದವಳು ನಾನು. ಅಷ್ಟರಲ್ಲಾಗಲೇ ಅಕ್ಕಿರೊಟ್ಟಿಯದು, ಹಿತ್ತಲ ಬೆಕ್ಕಿನದು, ಯಜಮಾನರು ಬಾಯಿ ಬಿಟ್ಟುಕೊಂಡು ನಿದ್ದೆ ಹೋಗಿರುವುದು ಎಲ್ಲ ತೆಗೆದು ಮೊಮ್ಮಗಳಿಗೆ ಕಳಿಸಿ ಆಗಿತ್ತು. ಟ್ರಂಕು ತೆರೆದೆ. ರೇಷ್ಮೆ ಸೀರೆಗಳ ಕೆಳಗೆ ಆ ಉದ್ದನೆಯ ನೋಟುಪುಸ್ತಕ ಸಿಕ್ಕಿತು. ಅರಸೀಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ಒಬ್ಬ ಲೇಡಿ ಡಾಕ್ಟರು ಇದ್ದರು. ಚೀಟಿ ಬರೆದುಕೊಟ್ಟರೆ ಜನ ಕಳೆದುಕೊಳ್ಳುತ್ತಾರೆ ಎಂದು, ಒಬ್ಬೊಬ್ಬರೂ ತಮ್ಮದೇ ಪುಸ್ತಕ ತರಬೇಕು ಎನ್ನುವುದು ಅವರ ಕಟ್ಟುನಿಟ್ಟು. ಮೊದಲ ಪುಟದಲ್ಲಿ ಅವರ ಗುಂಡು ಅಕ್ಷರದಲ್ಲಿ ನನ್ನ ಹೆಸರು, ವಯಸ್ಸು ಇಪ್ಪತ್ತನಾಲ್ಕು. ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಪುಟದ ಫೋಟೋ ತೆಗೆದೆ. ನಲವತ್ತಮೂರು ಫೋಟೋ. ಕೆಲವುಗಳಲ್ಲಿ ನನ್ನ ಹೆಬ್ಬೆರಳೂ ಬಂದಿತ್ತು. ಎಲ್ಲವನ್ನೂ ಒಟ್ಟಿಗೆ ಕಳಿಸಿದೆ. ಓದಿ ನೋಡಿ ಕಳಿಸಬೇಕಿತ್ತು. ಹೊಸ ವಿದ್ಯೆ ಕಲಿತ ಬೆರಳಿಗೆ ಅಷ್ಟು ತಾಳ್ಮೆ ಎಲ್ಲಿ?

ನಾಲ್ಕನೆಯ ದಿನ ಅವನು ಬಂದ. ಅಡುಗೆಮನೆಗೆ ಬರಲಿಲ್ಲ, ಬಾಗಿಲಲ್ಲೇ ನಿಂತ.

"ದೊಡ್ಡಮ್ಮ, ನೀವು ಬದುಕಿರೋದೇ ಹೆಚ್ಚು."

"ಯಾಕೋ, ಏನಾಯ್ತು?"

"ಕಂಪನಿ ಡಾಕ್ಟ್ರು ಫೋನ್ ಮಾಡಿದ್ರು. ಈ ಹೆಂಗಸು ಇನ್ನೂ ಇದ್ದಾರೇನ್ರೀ ಅಂತ ಕೇಳ್ತಾರೆ. ಮಂಡಿನೋವು, ಮೂಲವ್ಯಾಧಿ, ಉಬ್ಬಸ, ಕಾಮಾಲೆ, ಕಜ್ಜಿ. ಸಾಲ್ದು ಅಂತ ಮಾರ್ಚಲ್ಲಿ ಏಳು ತಿಂಗಳ ಬಸುರಿ, ಮೇ ತಿಂಗಳಲ್ಲಿ ಮೂರು ತಿಂಗಳ ಬಸುರಿ! ಇದು ಹೆಂಗೆ ದೊಡ್ಡಮ್ಮ?"

ನಾನು ನಕ್ಕೆ. ನಕ್ಕು ನಕ್ಕು ಗೋಡೆ ಹಿಡಿದುಕೊಂಡೆ. ಅವನು ನಗಲಿಲ್ಲ.

"ಅದೆಲ್ಲ ಹಳೇ ಚಿಲ್ಲರೆ ಕಾಯಿಲೆ, ಕಂಪನಿಯೋರು ತಲೆ ಕೆಡಿಸ್ಕೊಳ್ಳಲ್ಲ. ಇನ್ನೊಂದಿದೆ." ದನಿ ಇಳಿಸಿದ. "ಟಿ.ಬಿ. ಕಫ ಪರೀಕ್ಷೆ ಚೀಟಿ ಅಂಟಿಸಿದೆ. ನಿಮ್ಮ ಹೆಸರಲ್ಲೇ ಇದೆ."

ನನ್ನ ನಗು ನಿಂತಿತು. "ಬಾ, ಕಾಫಿ ಆಗಿದೆ" ಎಂದೆ.

"ಬೇಡ ದೊಡ್ಡಮ್ಮ. ಈಗ ತಾನೇ ಕುಡ್ಕೊಂಡು ಬಂದೆ."

ನಡೆಯಲು ಕಲಿತ ದಿನದಿಂದ ನಮ್ಮ ಮನೆಯ ಕಾಫಿಯನ್ನು ಬೇಡವೆನ್ನದವನು ಅವನು. ಜಗಲಿಯ ತುದಿಯಲ್ಲಿ, ಬಸ್ಸಿಗೆ ಕಾಯುವವನ ಹಾಗೆ ಕೂತು, ದಾರಿ ಎರಡಿವೆ ಎಂದು ವಿವರಿಸಿದ. ಒಂದು, ಎದೆಗೆ ಸಂಬಂಧಪಟ್ಟ ಯಾವ ಕಾಯಿಲೆಗೂ ವಿಮೆ ಬೇಡ ಎಂದು ಬರೆದುಕೊಟ್ಟು ಮಿಕ್ಕಿದ್ದಕ್ಕೆ ಪಾಲಿಸಿ ತೆಗೆದುಕೊಳ್ಳುವುದು. ನಾಳೆ ನಿಮೋನಿಯಾ ಆದರೂ ಕೈಯಿಂದಲೇ ಕಟ್ಟಬೇಕು, ಅದೂ ಬದುಕಿರುವ ತನಕ. ಇನ್ನೊಂದು, ಆ ಕಾಯಿಲೆ ನನ್ನದಲ್ಲದಿದ್ದರೆ ಯಾರದು, ನನ್ನ ಹೆಸರಿಗೆ ಹೇಗೆ ಬಂತು ಎಂದು ಬರೆದು, ನಾನೂ ಅವರೂ ಸಹಿ ಹಾಕಿ, ಎಕ್ಸ್‌ರೇ ಮಾಡಿಸಿ ಕೊಡುವುದು. ಆಗ ಪೂರ್ತಿ ವಿಮೆ ಸಿಗುತ್ತದೆ.

"ಅದು ನಿಮ್ಮದೇ ತಾನೇ ದೊಡ್ಡಮ್ಮ?"

"ಪುಸ್ತಕದ ಮೇಲೆ ಯಾರ ಹೆಸರಿದೆ?" ಎಂದೆ. ಸುಳ್ಳಂತೂ ಹೇಳಲಿಲ್ಲ.

"ಯೋಚನೆ ಮಾಡಿ ತಿಳಿಸಿ" ಎಂದು ಎದ್ದು ಹೋದ.

ಯೋಚನೆ ಮಾಡುವುದಕ್ಕೆ ಏನೂ ಇರಲಿಲ್ಲ. ಅಷ್ಟು ವರ್ಷ ಕೊಬ್ಬರಿ ಗೋಡೌನಿನ ಪಕ್ಕ ಕೂತು ಧೂಳು ಕುಡಿದವಳು ನಾನು. ಮಾಗಿ ಬಂತೆಂದರೆ ಉಸಿರು ಸಿಳ್ಳೆ ಹಾಕುತ್ತದೆ. ನಮ್ಮಮ್ಮ ಹೋದದ್ದೂ ನಿಮೋನಿಯಾದಲ್ಲೇ. ನನಗೆ ವಿಮೆ ಬೇಕಾಗಿದ್ದರೆ ಅದು ಎದೆಗೇ. ಆದರೆ ಆ ಚೀಟಿ ಯಾರದೆಂದು ಅವನಿಗೆ ಹೇಗೆ ಹೇಳಲಿ? ಅದು ಅವನ ಅಮ್ಮನದು.

ಆಗ ನಮ್ಮ ಬೀದಿಯಲ್ಲಿ ದಿನಾ ಬಸ್ಸು ಹತ್ತುವ ಹೆಂಗಸು ನಾನೊಬ್ಬಳೇ. ಬೆಳಿಗ್ಗೆ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟು ನಿಂತರೆ ಸಾಕು, ಒಬ್ಬೊಬ್ಬರಾಗಿ ಪಕ್ಕಕ್ಕೆ ಬರುತ್ತಿದ್ದರು. "ಹೆಂಗಿದ್ರೂ ಅರಸೀಕೆರೆಗೆ ಹೋಗ್ತೀಯ, ನನ್ನ ಮಂಡಿಗೊಂದಿಷ್ಟು ಔಷಧಿ ತತ್ತೀಯೇನವ್ವಾ?" ವೀಳ್ಯದೆಲೆ ತರಿಸಿಕೊಂಡಷ್ಟೇ ಸಲೀಸು. ಅವರಿಗೆ ಹೋಗಲು ಆಗುತ್ತಿರಲಿಲ್ಲ. ಕೂಲಿ ತಪ್ಪುತ್ತದೆ, ಇಲ್ಲವೇ ಅತ್ತೆ ಬಿಡುವುದಿಲ್ಲ, ಇಲ್ಲವೇ ಹೇಳಿಕೊಳ್ಳಲು ನಾಚಿಕೆ. ಡಾಕ್ಟರಮ್ಮನೋ, ರೋಗಿಯನ್ನು ನೋಡದೆ ಮಾತ್ರೆ ಬರೆಯದವರು. ಹಾಗಾಗಿ ನಾನೇ ರೋಗಿಯಾದೆ. ಹೂ ಕಟ್ಟುವ ಅಜ್ಜಿಯ ಮಂಡಿನೋವಿಗೆ ಕುಂಟುತ್ತಾ ಹೋದೆ. ಮೂಲೆಮನೆಯ ಮಾವನವರ ಮೂಲವ್ಯಾಧಿಗೆ ಕುರ್ಚಿಯ ಮೇಲೆ ಓರೆಯಾಗಿ ಕೂತೆ. ಮೆಚ್ಚಿಕೊಳ್ಳಬೇಕು, ಅಷ್ಟು ಚೆನ್ನಾಗಿ ಕೂತಿದ್ದೆ. ಪ್ರತಿಫಲವಾಗಿ ಸಂಜೆ ಯಾರದೋ ಮನೆಯಿಂದ ಒಂದು ಮಡಿಲು ಅವರೆಕಾಯಿ, ಯಾರದೋ ಹಿತ್ತಲಿನಿಂದ ಕರಿಬೇವು.

ಡಾಕ್ಟರಮ್ಮನಿಗೆ ಗೊತ್ತಾಗದೆ ಇರುತ್ತದೆಯೇ? ಐದಾರು ತಿಂಗಳಲ್ಲೇ ಗೊತ್ತಾಯಿತು. ನಾನು ಬಾಗಿಲಲ್ಲಿ ಕಂಡರೆ ಸಾಕು, "ಏನಮ್ಮ, ಈ ವಾರ ಯಾವ ಕಾಯಿಲೆ?" ಎನ್ನುತ್ತಿದ್ದರು. ಸಣ್ಣಪುಟ್ಟದ್ದಕ್ಕೆ ಬೈದುಕೊಂಡೇ ಬರೆದುಕೊಡುವರು. ಬಸುರಿಯರಿಗೆ ಕಬ್ಬಿಣಾಂಶದ ಮಾತ್ರೆ ಕೊಟ್ಟು, "ಇದು ಖಾಲಿಯಾಗೋದ್ರೊಳಗೆ ಹೊಟ್ಟೆ ಇರೋರನ್ನ ಕರ್ಕೊಂಡು ಬಾ. ನಿನ್ನ ಹೊಟ್ಟೆ ನೋಡಿ ಸಾಕಾಗಿದೆ" ಎನ್ನುವರು. ಎಲ್ಲವೂ ನನ್ನ ಪುಸ್ತಕಕ್ಕೇ ಇಳಿಯುತ್ತಿತ್ತು. ಈಗ ಆ ಪುಟ ತಿರುವಿದರೆ ಅದು ಕಾಯಿಲೆಯ ಪಟ್ಟಿಯ ಹಾಗೆ ಕಾಣುವುದಿಲ್ಲ. ಮಂಡಿನೋವಿನ ಪುಟದಲ್ಲಿ ಅಜ್ಜಿಯ ಮಲ್ಲಿಗೆಯ ಬುಟ್ಟಿ ಇದೆ. ಉಬ್ಬಸದ ಪುಟದಲ್ಲಿ, ಏದುಸಿರಿನಲ್ಲೇ ನಮ್ಮೆಲ್ಲರ ಮನೆಯ ಹಪ್ಪಳಕ್ಕೆ ಹಿಟ್ಟು ಕುಟ್ಟಿಕೊಟ್ಟವಳು ಇದ್ದಾಳೆ. ಅವರಲ್ಲಿ ಬಹಳ ಜನ ಈಗ ಇಲ್ಲ. ನಲ್ಲಿಯೂ ಇಲ್ಲ, ಮನೆಮನೆಗೆ ಪೈಪು ಬಂದಿದೆ.

ಎದುರುಮನೆಗೆ ಆ ನನ್ನ ಗೆಳತಿ ಸೊಸೆಯಾಗಿ ಬಂದಾಗ ಹತ್ತೊಂಬತ್ತೋ ಇಪ್ಪತ್ತೋ. ಬಂದ ವರ್ಷವೇ ಕೆಮ್ಮು ಹಿಡಿಯಿತು. ಹಿತ್ತಲಿನ ಬೇಲಿಯ ಹತ್ತಿರ ನಿಂತು ಸೆರಗನ್ನು ಬಾಯಿಗೆ ತುರುಕಿಕೊಂಡು ಕೆಮ್ಮುವುದು ನನಗೆ ಕೇಳುತ್ತಿತ್ತು. ಆ ಮನೆಯ ಹಿರಿಯ ಸೊಸೆಗೆ ಫಿಟ್ಸ್ ಬರುತ್ತದೆ ಎಂದು ಗೊತ್ತಾದ ವಾರವೇ ಅತ್ತೆ ಅವಳನ್ನು ತವರಿಗೆ ಕಳಿಸಿದ್ದರು. ಅವಳು ಮತ್ತೆ ಬರಲೇ ಇಲ್ಲ. ಇದು ಕಿರಿಯವಳಿಗೆ ಚೆನ್ನಾಗಿ ಗೊತ್ತಿತ್ತು. "ಅಕ್ಕಾ, ಈ ಕೆಮ್ಮು ನಿಂದು ಅಂತ ತೋರ್ಸು. ನಂದು ಅಂತ ಗೊತ್ತಾದ್ರೆ ನನ್ನ ಪೆಟ್ಗೇನೂ ಬೀದಿಗೆ ಬತ್ತದೆ" ಎಂದು ಕೈ ಹಿಡಿದುಕೊಂಡಳು.

ಡಾಕ್ಟರಮ್ಮನ ಎದುರು ಜೋರಾಗಿ ಕೆಮ್ಮಿದೆ. ಅವರು ಎದೆಗೆ ಸ್ಟೆತಸ್ಕೋಪು ಇಟ್ಟು ಕೇಳಿ, "ನಿನ್ನ ಎದೆ ದೇವಸ್ಥಾನದ ಗಂಟೆ ಇದ್ದ ಹಾಗಿದೆ. ಇದು ಯಾರ ಕೆಮ್ಮು?" ಎಂದರು. ಒಂದು ಡಬ್ಬಿ ಕೊಟ್ಟು, ಸರ್ಕಾರಿ ಆಸ್ಪತ್ರೆಗೆ ಕಫ ಕೊಡಲು ಹೇಳಿದರು. ಮರುದಿನ ಬೆಳಿಗ್ಗೆ ಅವಳ ಕಫ, ನನ್ನ ಚಿತ್ರಾನ್ನ ಎರಡೂ ಒಂದೇ ಬ್ಯಾಗಿನಲ್ಲಿ ಅರಸೀಕೆರೆಗೆ ಹೋದವು. ಆ ದಿನ ನಾನು ಊಟ ಮಾಡಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಚೀಟಿ ನನ್ನ ಹೆಸರಿನಲ್ಲೇ ಬಂತು. ಅದನ್ನು ಪುಸ್ತಕಕ್ಕೆ ಅಂಟಿಸಿ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇದು ಆಟ ಅಲ್ಲ. ಕೆಮ್ಮಿನ ಯಜಮಾನಿಯನ್ನ ಕರ್ಕೊಂಡು ಬಾ. ಇಲ್ದಿದ್ರೆ ಒಂದು ಮಾತ್ರೇನೂ ಕೊಡಲ್ಲ."

ಅತ್ತೆಯ ಅಪ್ಪಣೆಯಿಲ್ಲದೆ ಅವಳು ಬೀದಿ ದಾಟುವ ಹಾಗಿಲ್ಲ. ಆ ಅಪ್ಪಣೆಯನ್ನು ನಾನು ದೇವರ ಹೆಸರಿನಲ್ಲಿ ಗಿಟ್ಟಿಸಿದೆ. ಅವರ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಮಾತು ತೆಗೆದೆ.

"ಅರಸೀಕೆರೆ ಹತ್ರ ಮಾಲೇಕಲ್ಲು ತಿರುಪತಿ ಬೆಟ್ಟಕ್ಕೆ ತಿಂಗಳಿಗೊಂದು ಶನಿವಾರದ ಹಾಗೆ ಎಂಟು ಶನಿವಾರ ಹೋದ್ರೆ ಮನೇಲಿ ತೊಟ್ಟಿಲು ತೂಗುತ್ತಂತೆ ಅತ್ತೆಮ್ಮ."

"ಯಾರಂದ್ರು?"

"ನಮ್ಮಾಫೀಸಿನೋರೊಬ್ರು ಹೋಗಿದ್ರು. ಅವಳಿ ಆಯ್ತು."

ಅವರು ಎಲೆಯನ್ನು ದವಡೆಗೆ ಸರಿಸಿಕೊಂಡರು. "ಅವಳಿ ಬ್ಯಾಡ, ಒಂದು ಸಾಕು. ಕರ್ಕೊಂಡೋಗು" ಎಂದರು.

ಹೀಗೆ ಎಂಟು ಶನಿವಾರ. ಶನಿವಾರ ನನಗೆ ಅರ್ಧ ದಿನದ ಆಫೀಸು. ಅವಳು ಡಾಕ್ಟರಮ್ಮನ ಬೆಂಚಿನ ಮೇಲೆ ಕಾಯುವಳು, ನಾನು ಬಂದು ಸೇರಿಕೊಳ್ಳುವೆ. ಪುಸ್ತಕದಲ್ಲಿ ಹೆಸರು ಬದಲಾಯಿಸಲು ಅವಳು ಒಪ್ಪಲಿಲ್ಲ; ಡಾಕ್ಟರಮ್ಮನೂ ಅವಳ ಮುಖ ನೋಡಿ ಬಿಟ್ಟುಬಿಟ್ಟರು. ಬೆಟ್ಟ ಹತ್ತಕೂಡದು ಎಂದು ಅವರ ಆಜ್ಞೆ. ದೇವರಿಗೆ ಸುಳ್ಳು ಹೇಳಿದ ಹಾಗಾಗುತ್ತದೆ ಎಂದು ಇವಳ ಗೋಳು. ಕೊನೆಗೆ ಬೆಟ್ಟದ ಬುಡದವರೆಗೂ ಹೋಗಿ, ಮೊದಲ ಮೆಟ್ಟಿಲಿಗೆ ಅರಿಶಿನ ಕುಂಕುಮ ಇಟ್ಟು, ಕೈ ಮುಗಿದು ಬರುತ್ತಿದ್ದೆವು. ಪ್ರಸಾದ ಬೇಕಲ್ಲ? ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಪುರಿ, ಸಕ್ಕರೆ, ಹುರಿಗಡಲೆ ಕಟ್ಟಿಸಿಕೊಳ್ಳುತ್ತಿದ್ದೆ. ಅತ್ತೆಮ್ಮ ಅದನ್ನು ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದರು. ಒಂದು ಸಲ, "ಈ ಸರ್ತಿ ಪ್ರಸಾದ ಭಾಳ ರುಚಿಯಾಗೈತೆ" ಎಂದರು. ಆ ಸಲ ನಾನು ಖಾರದ್ದು ತಂದಿದ್ದೆ.

ಮಾತ್ರೆಗಳು ನಮ್ಮ ಮನೆಯ ರಾಗಿ ಡಬ್ಬದಲ್ಲಿದ್ದವು. ದಿನಾ ಬೆಳಿಗ್ಗೆ ಅವಳು ಒಂದು ಬಟ್ಟಲು ಹಿಡಿದು ಬೀದಿ ದಾಟಿ ಬರುವಳು. "ಅಕ್ಕಾ, ಒಂಚೂರು ಹೆಪ್ಪು ಐತಾ?" ಮೊಸರಿಗೆ ಹೆಪ್ಪು ಕೇಳುವ ನೆಪ. ನಮ್ಮ ಅಡುಗೆಮನೆಯಲ್ಲಿ ನಿಂತು ಮಾತ್ರೆ ನುಂಗಿ, ನಾನು ಬೇರೆಯಾಗಿ ಎತ್ತಿಟ್ಟಿದ್ದ ತಗ್ಗು ಬಿದ್ದ ಹಿತ್ತಾಳೆ ಲೋಟದಲ್ಲಿ ಕಾಫಿ ಕುಡಿದು, ಬಟ್ಟಲಿಗೆ ಹೆಪ್ಪು ಹಾಕಿಸಿಕೊಂಡು ಹೋಗುವಳು. "ಇಂಥಾ ಸೊಸೆ ಎಲ್ಲಾರ ಉಂಟಾ? ದಿನಾ ಹೆಪ್ಪು ಎರ್ವಲು!" ಎಂದು ಅತ್ತೆಮ್ಮ ಬೀದಿಗೆಲ್ಲ ಕೇಳುವಂತೆ ಗೊಣಗುವರು. ಆ ಮಾತ್ರೆಗೆ ಉಚ್ಚೆ ಕೆಂಪಾಗುತ್ತದೆ. ಅದು ಕಣ್ಣಿಗೆ ಬಿದ್ದರೂ ಅನುಮಾನ ಬರಬಾರದೆಂದು ಅವಳು ವಾರಕ್ಕೆ ಮೂರು ದಿನ ಬೀಟ್‌ರೂಟ್ ಪಲ್ಯ ಮಾಡಿದಳು. ಆ ಎಂಟು ತಿಂಗಳು ಆ ಮನೆಯವರೆಲ್ಲ ಬೀಟ್‌ರೂಟ್ ತಿಂದು ತಿಂದು ಕೆಂಪಗಾಗಿದ್ದರು.

ಎಂಟನೆಯ ಶನಿವಾರ ಡಾಕ್ಟರಮ್ಮ ಎಕ್ಸ್‌ರೇ ಬೆಳಕಿಗೆ ಹಿಡಿದು, "ಈಗ ಹತ್ತು ಹೋಗು" ಎಂದರು. ಹತ್ತಿದೆವು. ಅವಳು ನನಗಿಂತ ಮುಂದೆ, ನಾನು ಏದುಸಿರು ಬಿಡುತ್ತಾ ಹಿಂದೆ. ಮೇಲೆ ಗಾಳಿಗೆ ಸೆರಗು ಹಿಡಿದು ನಿಂತು ಅವಳು ದೀರ್ಘವಾಗಿ ಒಂದು ಉಸಿರೆಳೆದುಕೊಂಡಳು, ಕೆಮ್ಮಲಿಲ್ಲ. ನನ್ನ ಕಡೆ ತಿರುಗಿ ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕಳು. ಅದರ ಮುಂದಿನ ವರ್ಷ ಮಗ ಹುಟ್ಟಿದ. ಹರಕೆಯ ಮಗ. ಈಗಲೂ ಅವನು ವರ್ಷಕ್ಕೊಮ್ಮೆ ಆ ಬೆಟ್ಟ ಹತ್ತುತ್ತಾನೆ. ಅಜ್ಜಿ ಕಣ್ಣು ಮುಚ್ಚುವ ತನಕ ಅವನಿಗೆ ಆ ಎಂಟು ಶನಿವಾರಗಳ ಕತೆ ಹೇಳುತ್ತಲೇ ಇದ್ದರು.

ಇದನ್ನು ಕಂಪನಿಯ ಕಾಗದದಲ್ಲಿ, ಅವನ ಕೈಯಲ್ಲೇ ಬರೆಸಬೇಕೆ?

ಆ ಸಂಜೆ ಇನ್ನೊಂದು ನೋಡಿದೆ. ಜಗಲಿಯ ಮಾತನ್ನೆಲ್ಲ ಒಳಗಿನಿಂದ ಕೇಳಿಸಿಕೊಂಡಿದ್ದ ನಮ್ಮ ಯಜಮಾನರು ತಮ್ಮ ಲೋಟವನ್ನು ತೊಳೆದು, ನನ್ನದರ ಪಕ್ಕದಿಂದ ತೆಗೆದು, ಮೇಲಿನ ಗೂಡಿನಲ್ಲಿ ಇಟ್ಟುಕೊಂಡರು. ಮೂವತ್ತಾರು ವರ್ಷ ಜೊತೆಗಿದ್ದ ಮೇಲೆ! ನಗು ಬರಬೇಕಿತ್ತು, ಬರಲಿಲ್ಲ. ಓದಿದ ಮೇಷ್ಟ್ರೇ ಹೀಗಾದರೆ, ಹೆಸರು ಬಾಯಿಬಿಟ್ಟರೆ ಎದುರುಮನೆಯಲ್ಲಿ ಯಾರ ಲೋಟ ಎಲ್ಲಿಗೆ ಹೋದೀತು?

ಫೋನು ತೆಗೆದು ಒಂದೇ ಬೆರಳಿನಲ್ಲಿ ಕಾಲುಗಂಟೆ ಒತ್ತಿ ಬರೆದೆ: "ಎದೆ ಬಿಟ್ಟು ಮಿಕ್ಕಿದ್ದಕ್ಕೆ ಮಾಡಿಸು ಮಗ." ಕಳಿಸಿದೆ. ಅವನಿಂದ ಹೆಬ್ಬೆರಳಿನ ಚಿತ್ರ ಬಂತು.

ಮರುದಿನ ಬೆಳಿಗ್ಗೆ ನಾನು ಕಾಫಿ ಕುಡಿಯುತ್ತಾ ಕೂತಿದ್ದೆ. ಬಾಗಿಲಿನಿಂದ ದನಿ ಬಂತು.

"ಅಕ್ಕಾ, ಒಂಚೂರು ಹೆಪ್ಪು ಐತಾ?"

ಅವಳ ಮನೆಯಲ್ಲಿ ಫ್ರಿಜ್ಜು ಇದೆ, ಪ್ಯಾಕೆಟ್ಟು ಮೊಸರು ಬರುತ್ತದೆ. ಆ ಎಂಟು ತಿಂಗಳಾದ ಮೇಲೆ ಇಷ್ಟು ವರ್ಷಗಳಲ್ಲಿ ಒಂದು ದಿನವೂ ಹೆಪ್ಪು ಕೇಳದವಳು ಬಟ್ಟಲು ಹಿಡಿದು ನಿಂತಿದ್ದಳು. ಹಿಂದೆ ಮಗ. ಅವನ ಅಂಗಿಯ ತೋಳನ್ನು ಅವಳು ಇನ್ನೊಂದು ಕೈಯಲ್ಲಿ ಹಿಡಿದಿದ್ದಳು.

ನೇರ ಒಳಗೆ ಬಂದಳು. ನನ್ನ ಕೈಯಲ್ಲಿದ್ದ ಅರ್ಧ ಕುಡಿದ ಲೋಟವನ್ನು ಕಿತ್ತುಕೊಂಡು ಮಿಕ್ಕಿದ್ದನ್ನು ಗಟಗಟ ಕುಡಿದಳು.

"ಅಮ್ಮಾ! ಏನ್ ಮಾಡ್ತಿದ್ದೀಯ?"

"ಕಾಫಿ ಕುಡೀತಾ ಇವ್ನಿ, ಕಣ್ ಕಾಣಾಕಿಲ್ವಾ?" ಲೋಟವನ್ನು ಕುಕ್ಕಿದಳು. "ರಾತ್ರಿ ಹೆಂಡ್ತಿಗೆ ಏನಂದೆ? ಮಕ್ಳನ್ನ ದೊಡ್ಡಮ್ಮನ ಮನೆ ಕಡೆ ಬಿಡಬ್ಯಾಡ ಅಂದೆ ಅಲ್ವಾ? ಕೇಳುಸ್ಕೋ. ಆ ಚೀಟೀಲಿ ಇರೋ ಕಾಯಿಲೆ ಇವ್ಳದಲ್ಲ, ನಂದು. ನನ್ ಕಫಾನ ಊಟದ ಬ್ಯಾಗಲ್ಲಿ ಇಟ್ಕೊಂಡು ಹೋದೋಳು ಇವ್ಳು. ಇವ್ಳ ಮನೆ ಕಾಫಿ ಬ್ಯಾಡ ಅಂದಲ್ಲ, ನನ್ ಎದೆಹಾಲು ಕುಡ್ದಿದ್ದೀಯಲ್ಲ, ಅದುನ್ನೇನ್ ಮಾಡ್ತೀಯ?"

ಅವನು ಗೋಡೆಗೆ ಒರಗಿದ. ಅವನ ಮುಖ ನೋಡಲಾರದೆ ನಾನು ಗೆಳತಿಯ ಮೇಲೆ ರೇಗಿದೆ. "ನಿಂಗ್ಯಾಕೆ ಬೇಕಿತ್ತೇ? ನಾನು ಬರ್ದು ಕಳ್ಸಿ ಆಗಿತ್ತು."

"ಇವ್ನೇ ಓದಿ ಹೇಳ್ದ ನಂಗೆ. ಎದೆ ಬಿಟ್ಟು ಅಂತ ಬರ್ದಿದ್ದೀಯ. ನನ್ ಕೆಮ್ಮಿಗೆ ನಿನ್ ಎದೆ ಬಿಟ್ಕೊಡ್ತೀಯೇನಕ್ಕ? ನಮ್ಮತ್ತೆ ಹೋಗಿ ಎಷ್ಟು ವರ್ಸ ಆಯ್ತು! ಇನ್ಯಾರಿಗೆ ಎದ್ರಬೇಕು?"

ಅವನು ಕೇಳಿದ್ದು ಕಾಯಿಲೆಯನ್ನಲ್ಲ.

"ಹಂಗಾದ್ರೆ ಬೆಟ್ಟದ ಹರಕೆ ಸುಳ್ಳಾ ದೊಡ್ಡಮ್ಮ?"

"ಯಾಕೋ ಸುಳ್ಳು? ಎಂಟನೇ ಸಲ ಪೂರ್ತಿ ಹತ್ತಿದ್ವಿ. ಮಿಕ್ಕ ಏಳು ಸಲ ಕೆಳಗಿಂದ ಕೈ ಮುಗಿದಿದ್ವಿ. ಅಷ್ಟು ಎತ್ತರದಲ್ಲಿ ನಿಂತಿರೋ ದೇವರಿಗೆ ಕೆಳಗಿರೋರು ಕಾಣಲ್ವಾ?"

"ಪ್ರಸಾದ?"

"ಅದನ್ನ ಕೇಳ್ಬೇಡ."

ಅವನಿಗೆ ನಗು ಬಂತೋ ಅಳು ಬಂತೋ, ಎರಡನ್ನೂ ಕರವಸ್ತ್ರದಲ್ಲಿ ಒರೆಸಿಕೊಂಡ. ಆಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ, ತನ್ನ ಜಾಗದಲ್ಲಿ ಕೂತು, "ದೊಡ್ಡಮ್ಮ, ಕಾಫಿ" ಎಂದ. ನಮ್ಮ ಯಜಮಾನರು ಅಷ್ಟು ಹೊತ್ತೂ ಪೇಪರಿನ ಹಿಂದೆ ಇದ್ದರು. ಮೆಲ್ಲಗೆ ಎದ್ದು ಬಂದು, ಮೇಲಿನ ಗೂಡಿನಿಂದ ತಮ್ಮ ಲೋಟ ಇಳಿಸಿ, ಯಾರೂ ನೋಡುತ್ತಿಲ್ಲವೆಂಬಂತೆ ನನ್ನದರ ಪಕ್ಕಕ್ಕೆ ಇಟ್ಟರು. ನಾನು ನೋಡಿದೆ. ಈಗಲೂ ಸಮಯ ಬಂದಾಗ ನೆನಪಿಸುತ್ತೇನೆ.

ಕಾಗದವನ್ನು ಅವನೇ ಬರೆದ. ಅವಳು ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದಳು. ಹಾಸನಕ್ಕೆ ಹೋಗಿ ಎಕ್ಸ್‌ರೇ ತೆಗೆಸಿದ್ದಾಯಿತು. ಎದ್ದು ಕಾಣುವಂಥದ್ದು ಏನೂ ಇಲ್ಲ, ಧೂಳಿನಲ್ಲಿ, ಮಾಗಿಯಲ್ಲಿ ಹುಷಾರಾಗಿರಿ ಎಂದರು. ಕಂಪನಿ ಎದೆಗೆ ಪೂರ್ತಿ ವಿಮೆ ಕೊಟ್ಟಿತು. ಆದರೆ ಅದೇ ದಿನದ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಸಿಕ್ಕಿಬಿತ್ತು. ನಲವತ್ತಮೂರು ಫೋಟೋಗಳಲ್ಲಿ ಎಲ್ಲಿಯೂ ಇಲ್ಲದ್ದು ಅದೊಂದೇ. ಅಷ್ಟು ವರ್ಷ ಡಾಕ್ಟರಮ್ಮನ ಎದುರು ಕೂತವಳು ಒಂದು ದಿನವೂ ನನ್ನನ್ನು ತೋರಿಸಿಕೊಂಡಿರಲಿಲ್ಲ. ಅದಕ್ಕೆ ಕೆಲವು ವರ್ಷ ಕಾಯಬೇಕು, ಆಮೇಲೆ ವಿಮೆ ಅನ್ವಯಿಸುತ್ತದೆ ಎಂದು ಬರೆದಿದ್ದಾರೆ. ಮೈಸೂರುಪಾಕಿಗೂ ನನಗೂ ಇದ್ದ ನಂಟು ಆ ಕಾರ್ಯದರ್ಶಿಗಳ ಎದುರೇ ಕೊನೆಯಾಯಿತು.

ಗೆಳತಿ ಮೊಮ್ಮಕ್ಕಳ ಜೊತೆ ವಾರಕ್ಕೊಮ್ಮೆ ಬೇಲೂರಿನ ಸಂತೆಗೆ ಹೋಗುತ್ತಾಳೆ; ಆಸ್ಪತ್ರೆಯೂ ಅಲ್ಲೇ ಇದೆ. ಮೊನ್ನೆ ಬಟ್ಟಲು ಹಿಡಿದು ಬಂದವಳು ಗುಟ್ಟಿನ ದನಿಯಲ್ಲಿ ಕೇಳಿದಳು.

"ಅಕ್ಕಾ, ನಿನ್ ಸಕ್ರೆ ಕಾಯಿಲೆ ನನ್ ಹೆಸ್ರಲ್ಲಿ ತೋರ್ಸ್ಕೊಂಡ್ ಬರ್ಲಾ?"

"ಬೇಡ ಕಣೇ," ಎಂದೆ. "ಇದೊಂದಾದ್ರೂ ನಂದಾಗಿರ್ಲಿ."